ಗುರಿಕಟ್ಟೆ: ಹೊಸ ಬ್ಲೇಡ್ ಹಾಕಿದ ಮೇಲೆ 500 ಗ್ರಾಂ ಎಲ್ಲಿ ಹೋಯಿತು?

ಹತ್ತು ಮೀಟರ್ ಏರ್ ಪಿಸ್ತೂಲ್‌ಗೆ ಬೇರೆ ಕಂಪನಿಯ ಟ್ರಿಗರ್ ಬ್ಲೇಡ್ (ಟ್ರಿಗರ್‌ನಲ್ಲಿ ಬೆರಳು ತಾಗುವ ಭಾಗ) ಕೂರಿಸುವ ಬಗ್ಗೆಯೇ ಈ ಸಲ ಪತ್ರಗಳು ಹೆಚ್ಚು. ಸ್ಪರ್ಧೆಯಲ್ಲಿ ಈ ಪಿಸ್ತೂಲ್‌ನ ಟ್ರಿಗರ್‌ಗೆ 500 ಗ್ರಾಂ ತೂಕ ಸಿಕ್ಕಿಸಿ ಮೇಲೆತ್ತುತ್ತಾರೆ, ಟ್ರಿಗರ್ ಬಿಡದೆ ಅಷ್ಟನ್ನು ಎತ್ತಿದರೆ ಪಾಸು, ಇಲ್ಲದಿದ್ದರೆ ಫೇಲು. ಒಂದೇ ವಿಷಯವನ್ನು ಹಲವರು ಕೇಳಿದ್ದರೆ ಅವನ್ನು ಒಂದೇ ಪ್ರಶ್ನೆಯಾಗಿ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಏರ್ ಪಿಸ್ತೂಲ್‌ನ ಮೂಲ ಬ್ಲೇಡ್ ತೆಗೆದು, ಮೇಲೆ ಕೆಳಗೆ ಜರುಗಿಸಬಹುದಾದ ಅಲ್ಯೂಮಿನಿಯಂ ಬ್ಲೇಡ್ ಹಾಕಿದೆ. ಸ್ಪ್ರಿಂಗ್ ಸ್ಕ್ರೂ ಯಾವುದನ್ನೂ ಮುಟ್ಟಿಲ್ಲ. ಮೊದಲು 500 ಗ್ರಾಂ ತೂಕವನ್ನು ಆರಾಮಾಗಿ ಎತ್ತುತ್ತಿದ್ದ ಪಿಸ್ತೂಲ್ ಈಗ ಪ್ರತಿ ಸಲವೂ ಫೇಲ್ ಆಗುತ್ತಿದೆ. ಬ್ಲೇಡೇ ಕಳಪೆಯೇ?
– ಓದುಗರು, ಜಯನಗರ

ಉತ್ತರ: ಬ್ಲೇಡ್ ಕಳಪೆಯಲ್ಲ, ಲೆಕ್ಕ ಬದಲಾಗಿದೆ. ಟ್ರಿಗರ್ ಎಂದರೆ ಒಂದು ಸನ್ನೆಗೋಲು. ಮೇಲೆ ಅದು ತಿರುಗುವ ಪಿನ್, ಕೆಳಗೆ ನಿಮ್ಮ ಬೆರಳು. ಪಿನ್‌ನಿಂದ ಬೆರಳು ದೂರ ಹೋದಷ್ಟೂ ಅದೇ ಸ್ಪ್ರಿಂಗನ್ನು ಕಡಿಮೆ ಬಲದಲ್ಲಿ ಎಳೆಯಬಹುದು. ಬಾವಿಯ ರಾಟೆಯ ಹಿಡಿಕೆ ಉದ್ದವಾದರೆ ಕೊಡ ಹಗುರ ಅನಿಸುತ್ತದಲ್ಲ, ಹಾಗೆ.

ಅಂಕಿಯಲ್ಲಿ ನೋಡಿ. ಮೂಲ ಬ್ಲೇಡ್‌ನ ಮಧ್ಯಭಾಗ ಪಿನ್‌ನಿಂದ 24 ಮಿ.ಮೀ. ಕೆಳಗಿತ್ತು, ಟ್ರಿಗರ್ 510 ಗ್ರಾಂಗೆ ಬಿಡುತ್ತಿತ್ತು ಎಂದುಕೊಳ್ಳಿ. ಹೊಸ ಬ್ಲೇಡನ್ನು ನೀವು 3 ಮಿ.ಮೀ. ಕೆಳಗೆ ಇಳಿಸಿದ್ದೀರಿ, ಈಗ ದೂರ 27 ಮಿ.ಮೀ. 510ನ್ನು 24ರಿಂದ ಗುಣಿಸಿ 27ರಿಂದ ಭಾಗಿಸಿದರೆ ಸುಮಾರು 453 ಗ್ರಾಂ. ಒಂದು ಸ್ಕ್ರೂವನ್ನೂ ತಿರುಗಿಸದೆ 57 ಗ್ರಾಂ ಮಾಯ! ವರ್ನಿಯರ್ ಕ್ಯಾಲಿಪರ್ ಇದ್ದರೆ ನಿಮ್ಮ ಪಿಸ್ತೂಲ್‌ನಲ್ಲೇ ಈ ಎರಡು ಅಳತೆ ತೆಗೆದು ನೋಡಿ, ಉತ್ತರ ಹತ್ತಿರಹತ್ತಿರ ಕೂಡಿಬರುತ್ತದೆ.

ಬ್ಲೇಡನ್ನು ಅದು ಕೂರುವ ಹಳಿಯ ಮೇಲೆ ಮುಂದಕ್ಕೆ ಹಿಂದಕ್ಕೆ ಜರುಗಿಸಿದರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ಪಿನ್‌ನಿಂದ ಬೆರಳಿಗಿರುವ ಮೇಲೆ-ಕೆಳಗಿನ ದೂರ ಅಷ್ಟೇ ಉಳಿಯುತ್ತದೆ. ಆದರೆ ಬ್ಲೇಡನ್ನು ಓರೆ ಮಾಡಿದರೆ ಬೆರಳು ತಾಗುವ ಜಾಗವೇ ಬದಲಾಗುತ್ತದೆ. ಆಗ ತೂಕವನ್ನು ಮತ್ತೆ ನೋಡಲೇಬೇಕು.

ಇನ್ನೊಂದು ಸಣ್ಣ ಕಳ್ಳ ಇದ್ದಾನೆ. ಪರೀಕ್ಷೆಯಲ್ಲಿ ಬ್ಯಾರೆಲ್ ನೇರ ಮೇಲಕ್ಕೆ ನಿಂತಿರುತ್ತದೆ, ಆಗ ಬ್ಲೇಡ್‌ನ ಸ್ವಂತ ತೂಕವೂ ಎಳೆಯುವ ದಿಕ್ಕಿಗೇ ಸೇರಿಕೊಳ್ಳುತ್ತದೆ. 4 ಗ್ರಾಂನ ಬ್ಲೇಡ್ ತೆಗೆದು 11 ಗ್ರಾಂನ ಸ್ಟೀಲ್ ಬ್ಲೇಡ್ ಹಾಕಿದರೆ ಪರೀಕ್ಷೆಯಲ್ಲಿ ಸುಮಾರು 7 ಗ್ರಾಂ ಕಡಿಮೆ ಬರುತ್ತದೆ. 503ಕ್ಕೆ ಸೆಟ್ ಮಾಡಿಕೊಂಡು ಬೀಗುವವರು ಸಿಕ್ಕಿಬೀಳುವುದು ಇಂಥಲ್ಲೇ.

ಪರಿಹಾರ ಸುಲಭ: ಮೊದಲು ಬ್ಲೇಡ್‌ನ ಜಾಗವನ್ನು ಖಾಯಂ ಮಾಡಿಕೊಳ್ಳಿ, ಆಮೇಲೆ ಸ್ಪ್ರಿಂಗ್ ಬಿಗಿಮಾಡಿ. ತಿರುಗುಮುರುಗು ಮಾಡಿದರೆ ಒಂದೇ ಕೆಲಸ ಎರಡು ಸಲ.

ಪ್ರಶ್ನೆ: ಬ್ಲೇಡ್ ಪಾರ್ಸೆಲ್ ಬಂದಿದೆ. ಜೊತೆಗೆ ಬಂದ ಚೀಟಿ ಜರ್ಮನ್ ಭಾಷೆಯಲ್ಲಿದೆ. ಹೇಗೆ ಕೂರಿಸಬೇಕು, ಯಾವುದಾದ ಮೇಲೆ ಯಾವುದನ್ನು ಸೆಟ್ ಮಾಡಬೇಕು, ಬಿಡಿಸಿ ಹೇಳಿ ಸರ್.
– ಓದುಗರು, ರಾಜಾಜಿನಗರ

ಉತ್ತರ: ಮೊದಲು ಪಿಸ್ತೂಲ್ ಖಾಲಿ ಮಾಡಿ. ಪೆಲೆಟ್ ಇಲ್ಲ ಎಂದು ಕಣ್ಣಿಂದ ನೋಡಿ, ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ. ಸಿಲಿಂಡರ್ ಬಿಚ್ಚಿದ ಮೇಲೂ ಒಳಗೆ ಒಂದು ಶಾಟ್‌ಗಾಗುವಷ್ಟು ಗಾಳಿ ಉಳಿದಿರಬಹುದು. ಆದ್ದರಿಂದ ಸುರಕ್ಷಿತ ದಿಕ್ಕಿಗೆ ಹಿಡಿದು ಒಮ್ಮೆ ಟ್ರಿಗರ್ ಎಳೆದು ಖಾಲಿ ಮಾಡಿ. ಆಮೇಲೆ ಡ್ರೈ ಫೈರ್ (ಗಾಳಿ, ಪೆಲೆಟ್ ಇಲ್ಲದೆ ಟ್ರಿಗರ್ ಮಾತ್ರ ಎಳೆಯುವ) ಸ್ಥಿತಿಗೆ ಹಾಕಿ.

ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. 3 ಮಿ.ಮೀ. ಸ್ಕ್ರೂ ಮೊಸಾಯಿಕ್ ನೆಲಕ್ಕೆ ಬಿದ್ದರೆ ಸಂಜೆಯವರೆಗೂ ಹುಡುಕುತ್ತಿರಬೇಕು. ಬೇಕಾಗುವುದು 1.5, 2 ಮತ್ತು 2.5 ಮಿ.ಮೀ. ಎಲ್-ಕೀ. ಎಸ್.ಪಿ. ರೋಡಿನಲ್ಲಿ ಸಿಗುವ ಅಗ್ಗದ ಸೆಟ್‌ಗಳ ತುದಿ ಬೇಗ ದುಂಡಗಾಗಿ ಸ್ಕ್ರೂ ತಲೆಯನ್ನೂ ಕೆಡಿಸುತ್ತದೆ. ಈ ಒಂದು ಕಡೆ ಮಾತ್ರ ಜುಗ್ಗತನ ಬೇಡ.

ಬಿಚ್ಚುವ ಮೊದಲು ಎರಡೂ ಬದಿಯಿಂದ ಫೋಟೋ ತೆಗೆದುಕೊಳ್ಳಿ. ಪ್ರತಿಯೊಂದು ಹೊಂದಾಣಿಕೆ ಸ್ಕ್ರೂವನ್ನೂ ಮೆಲ್ಲಗೆ ಒಳಕ್ಕೆ ತಿರುಗಿಸಿ ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ, ಬರೆದಿಟ್ಟುಕೊಂಡು, ಅಷ್ಟೇ ಸುತ್ತು ಹಿಂದಕ್ಕೆ ತಂದುಬಿಡಿ. "ಎರಡೂಕಾಲು ಸುತ್ತು" ಎಂದು ಪುಸ್ತಕದಲ್ಲಿದ್ದರೆ ಏನೇ ಎಡವಟ್ಟಾದರೂ ಹೊರಟಲ್ಲಿಗೆ ವಾಪಸ್ ಬರಬಹುದು. ಸ್ಟೇಯರ್, ವಾಲ್ಥರ್, ಪಾರ್ಡಿನಿ, ಮೊರಿನಿ, ಫೈನ್‌ವರ್ಕ್‌ಬಾವ್, ಎಲ್ಲದರಲ್ಲೂ ಸ್ಕ್ರೂಗಳ ಜಾಗ ಬೇರೆಬೇರೆ. ಒಂದರ ವಿಡಿಯೋ ನೋಡಿ ಇನ್ನೊಂದನ್ನು ತಿರುಗಿಸಬೇಡಿ. ಪಿಸ್ತೂಲ್ ಜೊತೆ ಬಂದ ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ಭಾಷೆ ಗೊತ್ತಿಲ್ಲದಿದ್ದರೂ ಚಿತ್ರ ಸಾಕು.

ಬ್ಲೇಡ್ ಹಿಡಿದಿರುವ ಸ್ಕ್ರೂ ಸಡಿಲಿಸಿ ಹಳೆಯದನ್ನು ಹಳಿಯಿಂದ ಜಾರಿಸಿ ತೆಗೆಯಿರಿ. ಹಳಿಯನ್ನು ಒರೆಸಿ ಹೊಸದನ್ನು ಕೂರಿಸಿ. ಬಿಗಿ ಮಾಡುವಾಗ ಎಲ್-ಕೀಯ ಉದ್ದ ತೋಳನ್ನು ಸ್ಕ್ರೂಗೆ ಹಾಕಿ, ಗಿಡ್ಡ ತೋಳನ್ನು ಎರಡೇ ಬೆರಳಲ್ಲಿ ತಿರುಗಿಸಿ. ಅಷ್ಟು ಬಲ ಸಾಕು. ಅಲ್ಯೂಮಿನಿಯಂನಲ್ಲಿ ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಒಮ್ಮೆ ಹೋಯಿತೆಂದರೆ ಹೋದಂತೆಯೇ.

ಈಗ ಪಿಸ್ತೂಲನ್ನು ನಿಜವಾಗಿ ಗುರಿ ಹಿಡಿಯುವಂತೆಯೇ ಹಿಡಿಯಿರಿ. ಕಣ್ಣು ಮುಚ್ಚಿ ಬೆರಳಿಡಿ, ತೆರೆದು ನೋಡಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಬ್ಲೇಡ್ ಮೇಲಿರಬೇಕು. ಗೆಣ್ಣಿನ ಗೆರೆಯೂ ಅಲ್ಲ, ಉಗುರ ತುದಿಯೂ ಅಲ್ಲ. ಬೆರಳಿನ ಬುಡಕ್ಕೂ ಹಿಡಿಕೆಯ ಮರಕ್ಕೂ ನಡುವೆ ಕಾಗದ ತೂರುವಷ್ಟಾದರೂ ಸಂದು ಇರಲಿ. ಬೆರಳು ಮರಕ್ಕೆ ಉಜ್ಜಿದರೆ ಎಳೆದಾಗ ಇಡೀ ಪಿಸ್ತೂಲ್ ಪಕ್ಕಕ್ಕೆ ಹೋಗುತ್ತದೆ. ಈ ಜಾಗ ಹುಡುಕಲು ಅರ್ಧ ಗಂಟೆ ಹಿಡಿದರೂ ಹಿಡಿಯಲಿ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಜಾಗ ಸಿಕ್ಕಿತೇ? ಇನ್ನು ಸಿಯರ್ ಕಚ್ಚು (ಶಾಟ್ ಬಿಡುವವರೆಗೆ ತಡೆಹಿಡಿಯುವ ಒಳಗಿನ ಕೊಂಡಿ ಎಷ್ಟು ಕಚ್ಚಿದೆ ಎಂಬುದು) ಮತ್ತು ಫಸ್ಟ್ ಸ್ಟೇಜ್‌ನ ಉದ್ದ. ಬೆರಳಿಗೆ ಗೋಡೆಯಂಥ ತಡೆ ಸಿಗುವವರೆಗಿನ ಎಳೆತ ಫಸ್ಟ್ ಸ್ಟೇಜ್, ಆ ಗೋಡೆ ದಾಟಿ ಶಾಟ್ ಬಿಡುವವರೆಗಿನದು ಸೆಕೆಂಡ್ ಸ್ಟೇಜ್. ಹಲವು ಮಾದರಿಗಳಲ್ಲಿ ಇವೆರಡಕ್ಕೂ ನಂಟಿದೆ. ಫಸ್ಟ್ ಸ್ಟೇಜ್ ಉದ್ದ ಮಾಡಿದಷ್ಟೂ ಸೆಕೆಂಡ್ ಸ್ಟೇಜ್‌ನಲ್ಲಿ ಉಳಿಯುವ ಕಚ್ಚು ಕಡಿಮೆಯಾಗುತ್ತದೆ. ಕಚ್ಚು ಜಾಸ್ತಿಯಿದ್ದರೆ ಸೆಕೆಂಡ್ ಸ್ಟೇಜ್‌ನಲ್ಲಿ ಮರಳು ಉಜ್ಜಿದಂತೆ ಎಳೆಯುತ್ತಾ ಹೋಗುತ್ತದೆ, ಇದನ್ನೇ ಕ್ರೀಪ್ ಎನ್ನುವುದು. ತೀರಾ ಕಡಿಮೆಯಾದರೆ ಗೋಡೆಯೇ ಸಿಗುವುದಿಲ್ಲ, ಬೆರಳಿಟ್ಟ ತಕ್ಷಣ ಹಾರುತ್ತದೆ. ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಪ್ರತಿ ಸಲ ತಿರುಗಿಸಿದ ಮೇಲೂ ಹತ್ತು ಡ್ರೈ ಫೈರ್.

ಕ್ರೀಪ್ ಹೋಯಿತು ಅನಿಸಿದಾಗ ತಟ್ಟಿ ನೋಡುವ ಪರೀಕ್ಷೆ ಮಾಡಿ. ಪೆಲೆಟ್ ಇಲ್ಲದೆ ಕಾಕ್ ಮಾಡಿ (ಹಾರಿಸಲು ಸಿದ್ಧ ಸ್ಥಿತಿಗೆ ತಂದು), ಬೆರಳನ್ನು ದೂರವಿಟ್ಟು, ಹಿಡಿಕೆಯ ತಳವನ್ನು ಅಂಗೈಯಿಂದ ಹತ್ತು ಸಲ ತಟ್ಟಿ. ಒಮ್ಮೆ ತಾನಾಗಿ ಬಿಟ್ಟರೂ ಕಚ್ಚು ಸಾಲದು, ಕಾಲು ಸುತ್ತು ಹಿಂದಕ್ಕೆ ತನ್ನಿ. ಇದನ್ನು ಬಿಟ್ಟು ರೇಂಜ್‌ಗೆ ಹೋಗುವುದು ಅಪಾಯ.

ತೂಕದ ಸರದಿ ಇದಾದ ಮೇಲೆ. ಒಟ್ಟು 520 ಗ್ರಾಂ ಇಟ್ಟುಕೊಳ್ಳಿ. ಅದರಲ್ಲಿ ಫಸ್ಟ್ ಸ್ಟೇಜ್‌ಗೆ 370-380, ಉಳಿದದ್ದು ಸೆಕೆಂಡ್ ಸ್ಟೇಜ್‌ಗೆ. ಫಸ್ಟ್ ಸ್ಟೇಜ್ ಭಾರವಾಗಿದ್ದರೆ ಗುರಿ ನೆಲೆಯಾಗುವಷ್ಟರಲ್ಲಿ ಕೆಲಸದ ಮುಕ್ಕಾಲು ಮುಗಿದಿರುತ್ತದೆ, ಕೊನೆಗೆ ಬೆರಳು ಸೇರಿಸಬೇಕಾದದ್ದು ಸ್ವಲ್ಪವೇ. ಆದರೆ ಸೆಕೆಂಡ್ ಸ್ಟೇಜನ್ನು 100 ಗ್ರಾಂಗಿಂತ ಕೆಳಗಿಳಿಸಿದರೆ, ಗುಂಡಿಗೆ ಬಡಿತ ಏರಿರುವ ಫೈನಲ್‌ನಲ್ಲಿ ಗೋಡೆ ಗೊತ್ತೇ ಆಗದೆ ದಾಟಿಬಿಡುತ್ತೀರಿ.

ಕೊನೆಗೆ ಟ್ರಿಗರ್ ಸ್ಟಾಪ್. ಶಾಟ್ ಬಿಟ್ಟ ಮೇಲೆ ಬ್ಲೇಡ್ ಎಷ್ಟು ಹಿಂದೆ ಹೋಗಬೇಕೆಂದು ಇದು ತೀರ್ಮಾನಿಸುತ್ತದೆ. ಟ್ರಿಗರ್ ಬಿಡದಂತಾಗುವವರೆಗೆ ಒಳಕ್ಕೆ ತಿರುಗಿಸಿ, ಅಲ್ಲಿಂದ ಬಿಡಲು ಶುರುವಾಗುವವರೆಗೆ ಹಿಂದಕ್ಕೆ ತನ್ನಿ, ಅದರ ಮೇಲೆ ಇನ್ನೂ ಕಾಲು ಸುತ್ತು. ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿ.ಮೀ. ಸರಿಯುತ್ತದೆ, ಕಾಲು ಸುತ್ತೆಂದರೆ 0.125 ಮಿ.ಮೀ. ಅಷ್ಟು ಜಾಗ ಬಿಡದಿದ್ದರೆ ಸ್ವಲ್ಪ ಧೂಳು ಸೇರಿದರೂ ಟ್ರಿಗರ್ ಬಿಡುವುದಿಲ್ಲ, ಅದೂ ಸ್ಪರ್ಧೆಯ ನಟ್ಟನಡುವೆ.

ಪ್ರಶ್ನೆ: ಮನೆಯಲ್ಲಿ ಲಗೇಜ್ ತೂಗುವ ಡಿಜಿಟಲ್ ತಕ್ಕಡಿಯಲ್ಲಿ 520 ತೋರಿಸುತ್ತದೆ. ಸ್ಪರ್ಧೆಯ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ (ಸಲಕರಣೆ ತಪಾಸಣೆಯಲ್ಲಿ) ಮೂರು ಸಲವೂ ಎತ್ತಲಿಲ್ಲ. ಅವರ ತೂಕವೇ ತಪ್ಪಿರಬಹುದೇ?
– ಓದುಗರು, ವಿಜಯನಗರ

ಉತ್ತರ: ತಪ್ಪು ಬಹುತೇಕ ನಿಮ್ಮ ತಕ್ಕಡಿಯದೇ. ಲಗೇಜ್ ತಕ್ಕಡಿ ಹಲವು ಸಲ ಹಿಡಿದಿಟ್ಟು ತೋರಿಸುವುದು ಅತಿ ಹೆಚ್ಚಿನ ಅಂಕಿಯನ್ನು. ಟ್ರಿಗರ್ ಬಿಡುವ ಕ್ಷಣದಲ್ಲಿ ಕೈ ಜರ್ಕ್ ಆದರೆ ಅದನ್ನೂ ಸೇರಿಸಿ ತೋರಿಸುತ್ತದೆ. ಸಾಲದ್ದಕ್ಕೆ ಹತ್ತು ಗ್ರಾಂಗೆ ಒಂದು ಹೆಜ್ಜೆ. ನಿಜವಾದ ತೂಕ 490 ಇದ್ದರೂ 520 ಕಂಡರೆ ಆಶ್ಚರ್ಯವಿಲ್ಲ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ಪರೀಕ್ಷೆ ಹೀಗಿದೆ: ಬ್ಯಾರೆಲ್ ನೇರ ಮೇಲಕ್ಕೆ, ತೂಕವನ್ನು ಬ್ಲೇಡ್‌ನ ಮಧ್ಯಕ್ಕೆ ಸಿಕ್ಕಿಸಬೇಕು, ಸಮತಟ್ಟಾದ ಮೇಜಿನಿಂದ ಅದನ್ನು ಪೂರ್ತಿ ಮೇಲೆತ್ತಬೇಕು. ಕೊಕ್ಕೆಯ ಅಂಚು ಚಾಕುವಿನ ಅಲಗಿನಂತಿರಬೇಕು, ರೋಲರ್ ಇರುವಂತಿಲ್ಲ. ಮೂರು ಅವಕಾಶ. ಆಗದಿದ್ದರೆ ಸರಿಮಾಡಿಕೊಂಡು ಮತ್ತೆ ತರಬಹುದು. ಆದರೆ ಸ್ಪರ್ಧೆ ಮುಗಿದ ಮೇಲೆ ನಡೆಯುವ ತಪಾಸಣೆಯಲ್ಲಿ ಫೇಲ್ ಆದರೆ ಅಂಕ ಎಷ್ಟೇ ಇದ್ದರೂ ಅನರ್ಹ.

ಇದರಲ್ಲಿ ಹಲವರು ಮರೆಯುವ ಒಂದು ಸಾಲಿದೆ: ಏರ್ ಪಿಸ್ತೂಲ್ ಆದರೆ ಪರೀಕ್ಷೆಯ ಹೊತ್ತಿಗೆ ಗಾಳಿ ತುಂಬಿರಬೇಕು. ಡ್ರೈ ಫೈರ್ ಸ್ಥಿತಿಯಲ್ಲಿ ಸಿಯರ್ ಮೇಲಿನ ಒತ್ತಡ ಬೇರೆ, ನಿಜವಾದ ಶಾಟ್‌ಗೆ ಕಾಕ್ ಮಾಡಿದಾಗಿನ ಒತ್ತಡ ಬೇರೆ. ಡ್ರೈ ಫೈರ್‌ನಲ್ಲಿ ಪಾಸಾದದ್ದು ಅಲ್ಲಿ ಪಾಸಾಗುತ್ತದೆ ಎಂಬ ಭರವಸೆಯಿಲ್ಲ.

ಮನೆಗೊಂದು ಸ್ವಂತ ತೂಕ ಮಾಡಿಸಿಕೊಳ್ಳಿ. ಪೀಣ್ಯದ ಯಾವುದೇ ಲೇತ್ ಶಾಪ್‌ನಲ್ಲಿ 40 ಮಿ.ಮೀ. ವ್ಯಾಸದ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ತುಂಡು ಸಿಗುತ್ತದೆ. 50 ಮಿ.ಮೀ. ಉದ್ದದ ತುಂಡು ಸುಮಾರು 493 ಗ್ರಾಂ ಬರುತ್ತದೆ. ನಡುವೆ ಎಂ5 ಮರೆ ಹಾಕಿಸಿ ಕೊಕ್ಕೆಯ ಕಡ್ಡಿ ಕೂರಿಸಿದರೆ 500 ದಾಟುತ್ತದೆ. ಮಿಕ್ಕಿದ್ದನ್ನು ತಳದಿಂದ ಟರ್ನ್ ಮಾಡಿ ತೆಗೆಸಿ. ಈ ವ್ಯಾಸದಲ್ಲಿ 1 ಮಿ.ಮೀ. ತೆಗೆದರೆ ಸುಮಾರು 10 ಗ್ರಾಂ ಹೋಗುತ್ತದೆ ಎಂದು ಟರ್ನರ್‌ಗೆ ಮೊದಲೇ ಹೇಳಿ. ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಒಣಗಿದ ಮೇಲೆ, ಪರಿಚಯದ ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಬಣ್ಣಕ್ಕೆ ಮೊದಲು ತೂಗಿದರೆ ಮತ್ತೆ ಗ್ರಾಂ ಲೆಕ್ಕ ತಪ್ಪುತ್ತದೆ.

ಲೇತ್ ಶಾಪ್‌ವರೆಗೆ ಹೋಗಲಾಗದವರಿಗೆ ನೀರಿನ ಉಪಾಯವಿದೆ, ನಮಗೆ ಇದೇ ಹೆಚ್ಚು ಇಷ್ಟ. ಅರ್ಧ ಲೀಟರ್‌ಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಗೆ ತಂತಿ ಕೊಕ್ಕೆ ಕಟ್ಟಿ. ಪಿಸ್ತೂಲನ್ನು ಬಟ್ಟೆ ಸುತ್ತಿ, ಬ್ಯಾರೆಲ್ ಮೇಲಕ್ಕಿರುವಂತೆ ವೈಸ್‌ನಲ್ಲಿ ಹಗುರಾಗಿ ಹಿಡಿಸಿ. ಗಾಳಿ ಇರಲಿ, ಪೆಲೆಟ್ ಬೇಡ, ಕಣ್ಣಿಗೆ ಕನ್ನಡಕ, ಮುಖ ದೂರ. ಬಾಟಲಿಯಲ್ಲಿ ಮೊದಲೇ 400 ಮಿ.ಲೀ. ನೀರಿಟ್ಟು ಬ್ಲೇಡ್‌ನ ಮಧ್ಯಕ್ಕೆ ತೂಗುಹಾಕಿ, ಮೆಡಿಕಲ್ ಶಾಪ್‌ನ 10 ಮಿ.ಲೀ. ಸಿರಿಂಜ್‌ನಿಂದ ಸ್ವಲ್ಪಸ್ವಲ್ಪವೇ ನೀರು ಸೇರಿಸುತ್ತಾ ಹೋಗಿ. ಒಂದು ಮಿ.ಲೀ. ನೀರೆಂದರೆ ಒಂದು ಗ್ರಾಂ. ಟ್ರಿಗರ್ ಬಿಟ್ಟ ತಕ್ಷಣ ನಿಲ್ಲಿಸಿ, ಬಾಟಲಿ, ಕೊಕ್ಕೆ, ನೀರು ಮೂರನ್ನೂ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಜರ್ಕ್ ಇಲ್ಲದ ಅಳತೆ ಇದು. ಐದು ಸಲ ಮಾಡಿ, ಅತಿ ಕಡಿಮೆ ಬಂದದ್ದನ್ನೇ ನಿಮ್ಮ ತೂಕ ಎಂದು ಹಿಡಿಯಿರಿ, ಸರಾಸರಿಯನ್ನಲ್ಲ. ಐದರ ನಡುವೆ 15 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗ್ ಮುಟ್ಟಬೇಡಿ, ಎಲ್ಲೋ ಉಜ್ಜುತ್ತಿದೆ, ಅದನ್ನು ಹುಡುಕಿ.

ಪ್ರಶ್ನೆ: ಮಗಳಿಗೆ ಹದಿನಾಲ್ಕು ವರ್ಷ. ಬೆರಳು ಟ್ರಿಗರ್‌ಗೆ ಸರಿಯಾಗಿ ಎಟಕುವುದಿಲ್ಲ. ಶಾಟ್‌ಗಳೆಲ್ಲ ಎಡಕ್ಕೆ ಹೋಗುತ್ತವೆ. ದುಬಾರಿ ಟ್ರಿಗರ್ ತರಿಸಿಕೊಡಿ ಎಂದು ಕೆಲವರು ಹೇಳುತ್ತಾರೆ. ತರಿಸಲೇ?
– ತಾಯಿ, ಮಲ್ಲೇಶ್ವರ

ಉತ್ತರ: ತರಿಸಬೇಡಿ ಅಮ್ಮಾ, ಈಗಲೇ ಬೇಡ. ಎಟಕದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಹಿಡಿಕೆ. ದೊಡ್ಡವರ ಅಳತೆಯ ಮರದ ಹಿಡಿಕೆಯಲ್ಲಿ ಮಗುವಿನ ಅಂಗೈ ಪಕ್ಕಕ್ಕೆ ತಿರುಗಿ ಕೂರುತ್ತದೆ, ಆಗ ಬೆರಳಿನ ತುದಿಯಷ್ಟೇ ಬ್ಲೇಡ್‌ಗೆ ಸಿಗುತ್ತದೆ, ಎಳೆದಾಗ ಹಿಂದಕ್ಕೆ ಬರುವ ಬದಲು ಓರೆಯಾಗಿ ತಳ್ಳುತ್ತದೆ. ಮೊದಲು ಚಿಕ್ಕ ಅಳತೆಯ ಹಿಡಿಕೆ ಹಾಕಿ ನೋಡಿ. ಆಮೇಲೆ ಪಿಸ್ತೂಲ್‌ನಲ್ಲಿ ಈಗಿರುವ ಬ್ಲೇಡನ್ನೇ ಹಳಿಯ ಮೇಲೆ ಪೂರ್ತಿ ಹಿಂದಕ್ಕೆ ತನ್ನಿ. ಬಹಳ ಜನಕ್ಕೆ ಅದು ಜರುಗುತ್ತದೆ ಎಂಬುದೇ ಗೊತ್ತಿರುವುದಿಲ್ಲ! ಇಷ್ಟು ಮಾಡಿಯೂ ಎಟಕದಿದ್ದರೆ ಮಾತ್ರ ಹಿಂದಕ್ಕೆ ಬಾಗಿದ ಬ್ಲೇಡ್ ಕೊಳ್ಳಿ.

ಅವಳ ಫಸ್ಟ್ ಸ್ಟೇಜ್ 350, ಸೆಕೆಂಡ್ ಸ್ಟೇಜ್ 170ರ ಆಸುಪಾಸು ಇರಲಿ. ಗೋಡೆ ಸ್ಪಷ್ಟವಾಗಿ ಬೆರಳಿಗೆ ತಾಗಬೇಕು. ಇನ್ನು ಗಡಿಯಾರದ ಮುಳ್ಳಿನಂತೆ "ಏಳು ಗಂಟೆಗೆ ಬಿದ್ದರೆ ಈ ತಪ್ಪು, ಒಂಬತ್ತಕ್ಕೆ ಬಿದ್ದರೆ ಆ ತಪ್ಪು" ಎಂದು ತೋರಿಸುವ ಚಿತ್ರಪಟಗಳನ್ನು ಅತಿಯಾಗಿ ನಂಬಬೇಡಿ. ಎಡಕ್ಕೆ ಹೋಗಲು ನಿಲುವು, ಮಣಿಕಟ್ಟು, ಸೈಟ್ (ಗುರಿ ಹಿಡಿಯಲು ಪಿಸ್ತೂಲ್ ಮೇಲಿರುವ ಭಾಗ), ಬೆರಳು, ಯಾವುದೂ ಕಾರಣವಿರಬಹುದು. ಖಾಲಿ ಗೋಡೆಗೆ ಮುಖ ಮಾಡಿ ಡ್ರೈ ಫೈರ್ ಮಾಡಿಸಿ. ಟ್ರಿಗರ್ ಬಿಡುವಾಗ ಮುಂದಿನ ಸೈಟ್ ಎಡಕ್ಕೆ ಹಾರಿದರೆ ತಪ್ಪು ಬೆರಳಿನದು. ಹಾರದಿದ್ದರೆ ಬೇರೆ ಕಡೆ ಹುಡುಕಿ.

ಪ್ರಶ್ನೆ: ಹೊಸ ಬ್ಲೇಡ್ ಕೂರಿಸಿದ ಮೇಲೆ ಫಸ್ಟ್ ಸ್ಟೇಜ್ ಇಲ್ಲವೇ ಇಲ್ಲ. ಕೆಲವು ಸಲ ಟ್ರಿಗರ್ ಮುಂದಕ್ಕೆ ವಾಪಸ್ಸೂ ಬರುವುದಿಲ್ಲ.
– ಓದುಗರು, ಯಲಹಂಕ

ಉತ್ತರ: ಬ್ಲೇಡ್ ಜೊತೆ ಬಂದ ಸ್ಕ್ರೂವನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಒಂದು ಮಿ.ಮೀ. ಉದ್ದವಿದ್ದರೂ ಸಾಕು, ತುದಿ ಆಚೆ ಬದಿಗೆ ತೂರಿ ಟ್ರಿಗರ್‌ನ ಗೂಡಿಗೆ ತಾಗುತ್ತದೆ. ಟ್ರಿಗರ್ ಆಗಲೇ ಅರ್ಧ ಎಳೆದ ಸ್ಥಿತಿಯಲ್ಲಿ ನಿಂತಿರುತ್ತದೆ, ಫಸ್ಟ್ ಸ್ಟೇಜ್ ಎಲ್ಲಿಂದ ಬರಬೇಕು? ಹಳೆಯ ಸ್ಕ್ರೂ ಹಾಕಿ, ಅಥವಾ ಹೊಸದರ ತುದಿಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿ, ಮರೆಯ ಚೂಪನ್ನು ಒರೆಸಿ ಹಾಕಿ.

ವಾಪಸ್ ಬಾರದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಬ್ಲೇಡ್ ಅಗಲವಾಗಿದ್ದರೆ ಟ್ರಿಗರ್ ಗಾರ್ಡ್‌ನ ಒಳಬದಿಗೋ ಹಿಡಿಕೆಯ ಮರಕ್ಕೋ ಉಜ್ಜುತ್ತದೆ. ಬ್ಲೇಡ್ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಇಪ್ಪತ್ತು ಸಲ ಎಳೆಯಿರಿ, ಮಸಿ ಅಳಿಸಿದ ಜಾಗವೇ ಉಜ್ಜುವ ಜಾಗ. ಅಲ್ಲೂ ಏನೂ ಕಾಣದಿದ್ದರೆ, ಫಸ್ಟ್ ಸ್ಟೇಜ್ ಸ್ಪ್ರಿಂಗ್ ಸ್ಕ್ರೂವನ್ನು ತೂಕ ಇಳಿಸುವ ಆಸೆಗೆ ತೀರಾ ಹೊರಕ್ಕೆ ತಂದಿದ್ದೀರಾ ನೋಡಿ. ಸ್ಪ್ರಿಂಗ್‌ಗೆ ಒತ್ತಡವೇ ಇಲ್ಲದಿದ್ದರೆ ಟ್ರಿಗರನ್ನು ಮುಂದಕ್ಕೆ ತಳ್ಳುವವರು ಯಾರು?

ಪ್ರಶ್ನೆ: ನನ್ನದು ಬ್ಯಾರೆಲ್ ಮಡಚಿ ಕಾಕ್ ಮಾಡುವ ಸ್ಪ್ರಿಂಗ್ ಏರ್ ಪಿಸ್ತೂಲ್. ಟ್ರಿಗರ್ ಕಲ್ಲಿನಂತೆ ಗಟ್ಟಿ. ಸಿಯರನ್ನು ಎಣ್ಣೆಕಲ್ಲಿಗೆ ಉಜ್ಜಿದರೆ ಹಗುರಾಗುತ್ತದೆಯಂತೆ, ನಿಜವೇ?
– ಓದುಗರು, ಬನಶಂಕರಿ

ಉತ್ತರ: ಹಗುರಾಗುತ್ತದೆ, ಬೆರಳೂ ಹೋಗುತ್ತದೆ. ಬ್ಯಾರೆಲ್ ಮಡಚಿ ಪೆಲೆಟ್ ಇಡುತ್ತಿರುವಾಗ ಸಿಯರ್ ಜಾರಿದರೆ ಬ್ಯಾರೆಲ್ ಚಟ್ಟನೆ ಮುಚ್ಚಿಕೊಳ್ಳುತ್ತದೆ, ನಡುವೆ ಬೆರಳು ಸಿಕ್ಕಿದರೆ ಮೂಳೆ ಉಳಿಯುವುದಿಲ್ಲ. ಸಿಯರ್‌ನ ಗಟ್ಟಿತನ ಮೇಲಿನ ತೆಳ್ಳನೆಯ ಪದರದಲ್ಲೇ ಇರುವ ಪಿಸ್ತೂಲ್‌ಗಳೂ ಇವೆ. ಕಲ್ಲಿಗೆ ಉಜ್ಜಿದರೆ ಆ ಪದರ ಹೋಗಿ ಒಳಗಿನ ಮೆದು ಉಕ್ಕು ಮೇಲೆ ಬರುತ್ತದೆ. ಮೊದಲ ನೂರು ಶಾಟ್ ಬೆಣ್ಣೆಯಂತಿರುತ್ತದೆ, ಆಮೇಲೆ ಸವೆದು ಯಾವಾಗ ಜಾರುತ್ತದೋ ಹೇಳಲಾಗದು. ಬೇರೆ ಕಂಪನಿಯ ಹಗುರ ಟ್ರಿಗರ್ ಸ್ಪ್ರಿಂಗ್‌ಗೂ ಇದೇ ಮಾತು. ಮಾಡಬಹುದಾದದ್ದು ಇಷ್ಟು: ಹಳೆಯ ಜಿಡ್ಡು ಒರೆಸಿ, ಉಜ್ಜುವ ಜಾಗಕ್ಕೆ ಬೆಂಕಿಕಡ್ಡಿ ತುದಿಯಷ್ಟು ಮಾಲಿ (ಮಾಲಿಬ್ಡಿನಮ್) ಗ್ರೀಸ್ ಹಚ್ಚಿ. ಕಂಪನಿಯೇ ಹೊಂದಾಣಿಕೆ ಸ್ಕ್ರೂ ಕೊಟ್ಟಿದ್ದರೆ ಕೈಪಿಡಿ ಹೇಳಿದಷ್ಟು ತಿರುಗಿಸಿ. ಇಂಥ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹಾರಿಸಲೂಬೇಡಿ, ತಡೆಯಿಲ್ಲದೆ ಪಿಸ್ಟನ್ ಹೋಗಿ ಬಡಿದು ಸೀಲ್ ಹಾಳಾಗುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ ಟ್ರಿಗರ್ ಪಿಸ್ತೂಲ್‌ಗೆ ಹೋದರೆ ಈ ಸ್ಕ್ರೂ ತಾಪತ್ರಯವೆಲ್ಲ ತಪ್ಪುತ್ತದೆಯೇ?
– ಓದುಗರು, ಆರ್.ಟಿ. ನಗರ

ಉತ್ತರ: ಕ್ರೀಪ್ ತಪ್ಪುತ್ತದೆ, ತೂಕದ ಲೆಕ್ಕ ತಪ್ಪುವುದಿಲ್ಲ. ಅಲ್ಲೂ ಬ್ಲೇಡ್, ಪಿನ್, ಸ್ಪ್ರಿಂಗ್ ಇದ್ದೇ ಇವೆ, 500 ಗ್ರಾಂ ಅಲ್ಲೂ ಎತ್ತಲೇಬೇಕು. ಬ್ಯಾಟರಿ ಎಂಬ ಹೊಸ ಚಿಂತೆ ಬೇರೆ. ಪ್ರತಿ ದೊಡ್ಡ ಸ್ಪರ್ಧೆಗೂ ಹೊಸದು ಹಾಕಿ, ಬ್ಯಾಗ್‌ನಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಪಿಸ್ತೂಲ್ ಯಾವ ಬಗೆಯದೇ ಇರಲಿ, ಕೈಕೊಡುವಾಗ ಹೇಳಿ ಕೇಳಿ ಕೊಡುವುದಿಲ್ಲ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲ್ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿಯೂ 12ನೇ ಸ್ಥಾನಕ್ಕೆ ನಿಲ್ಲಬೇಕಾಯಿತು. ಅದೇ ಸ್ಪರ್ಧೆಯಲ್ಲಿ 2024ರ ಪ್ಯಾರಿಸ್‌ನಲ್ಲಿ ಅವರು ಕಂಚು ಗೆದ್ದರು ಎಂಬುದು ಬೇರೆ ಮಾತು. ನಿಮ್ಮ ಬಳಿ ಎರಡನೇ ಪಿಸ್ತೂಲ್ ಇದ್ದರೆ ಅದಕ್ಕೂ ಅದೇ ಬ್ಲೇಡ್, ಅದೇ ಜಾಗ, ಅದೇ ತೂಕ ಇರಲಿ. ಹೊಸ ಬ್ಲೇಡ್ ಒಂದಕ್ಕೇ ಹಾಕಿದರೆ ಎರಡನೆಯದು ಅಪರಿಚಿತರ ಪಿಸ್ತೂಲ್ ಇದ್ದಂತೆ.

ಪ್ರಶ್ನೆ: ನನ್ನ ಬಳಿ ಪರವಾನಗಿಯ .22 ಸ್ಪೋರ್ಟ್ ಪಿಸ್ತೂಲ್ ಇದೆ. ಇದಕ್ಕೂ ಇದೇ ಕ್ರಮವೇ?
– ಓದುಗರು, ಕೆಂಗೇರಿ

ಉತ್ತರ: ಅಲ್ಲ. 25 ಮೀಟರ್ ಸ್ಪೋರ್ಟ್ ಪಿಸ್ತೂಲ್‌ಗೆ ಟ್ರಿಗರ್‌ನ ಕನಿಷ್ಠ ತೂಕ 1000 ಗ್ರಾಂ. ಕೈಪಿಡಿ ಹೊರಗಿನಿಂದ ತಿರುಗಿಸಲು ಬಿಟ್ಟಿರುವ ಸ್ಕ್ರೂಗಳಷ್ಟೇ ನಿಮ್ಮವು. ಟ್ರಿಗರ್ ಗುಂಪನ್ನೇ ಬಿಚ್ಚುವುದು, ಬದಲಿಸುವುದು ಪರವಾನಗಿ ಇರುವ ಆರ್ಮರರ್ (ಬಂದೂಕು ರಿಪೇರಿಗಾರ) ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಬಂದೂಕುಗಳ ರಿಪೇರಿಗೂ ಪರವಾನಗಿ ಬೇಕೆನ್ನುತ್ತದೆ. ಇಲ್ಲಿ ಜಾರಿದ ಸಿಯರ್‌ಗೆ ಎದುರು ನಿಲ್ಲುವುದು ಪೆಲೆಟ್ ಅಲ್ಲ, ಗುಂಡು. ಆತ್ಮರಕ್ಷಣೆಗೆಂದು ಪರವಾನಗಿ ಪಡೆದ ಪಿಸ್ತೂಲ್‌ನ ಟ್ರಿಗರ್ ಹಗುರ ಮಾಡುವ ಬಗ್ಗೆ ಕೇಳಿದವರಿಗೂ ಇದೇ ಉತ್ತರ, ಇನ್ನೂ ಗಟ್ಟಿಯಾಗಿ: ಬೇಡ.

ಪ್ರಶ್ನೆ: ಸೆಟ್ ಮಾಡಿದ್ದು ತಿಂಗಳಿಗೇ ಬದಲಾಗುತ್ತದೆ. ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಬಹುದೇ? ಎಣ್ಣೆ ಯಾವುದು ಹಾಕಬೇಕು?
– ಓದುಗರು, ನಾಗರಬಾವಿ

ಉತ್ತರ: ಸ್ಕೂಟರ್ ಮೇಲೆ ಪಿಸ್ತೂಲ್ ಪೆಟ್ಟಿಗೆ ಇಟ್ಟುಕೊಂಡು ನಮ್ಮ ರಿಂಗ್ ರೋಡಿನ ಗುಂಡಿಗಳಲ್ಲಿ ವಾರಕ್ಕೆ ನಾಲ್ಕು ಸಲ ಓಡಾಡಿದರೆ ಸ್ಕ್ರೂ ಸಡಿಲವಾಗದೆ ಇನ್ನೇನು? ಬ್ಲೇಡನ್ನು ಹಿಡಿದಿಡುವ ಸ್ಕ್ರೂ ಒಂದಕ್ಕೆ ಮಾತ್ರ ಲಾಕ್‌ಟೈಟ್ 222ರ ಒಂದು ಹನಿ ಹಾಕಬಹುದು. ಅದು ನೇರಳೆ ಬಣ್ಣದ್ದು, ಸಣ್ಣ ಸ್ಕ್ರೂಗಳಿಗೆಂದೇ ಇರುವುದು. ಕೆಂಪು ಬಣ್ಣದ್ದು ಹಾಕಿದರೆ ಬಿಚ್ಚುವಾಗ ಸ್ಕ್ರೂ ತಲೆ ಹಾರುತ್ತದೆ. ಸಿಯರ್, ತೂಕ, ಸ್ಟಾಪ್, ಈ ಹೊಂದಾಣಿಕೆ ಸ್ಕ್ರೂಗಳಿಗೆ ಯಾವ ಲಾಕ್‌ಟೈಟೂ ಬೇಡ, ಸೋರಿ ಸಿಯರ್ ಮೇಲೆ ಒಣಗಿದರೆ ಪಿಸ್ತೂಲ್ ಸರ್ವೀಸ್‌ಗೆ ಕಳಿಸಬೇಕಾಗುತ್ತದೆ. ಅವುಗಳ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾಗಿದ್ದರೆ ಸ್ಕ್ರೂ ತಿರುಗಿದೆ ಎಂದು ನೋಡಿದೊಡನೆ ಗೊತ್ತಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಕಡಿಮೆ ಹಾಕಿದವರೇ ಜಾಣರು. ಡಬ್ಲ್ಯೂಡಿ-40 ಸಿಂಪಡಿಸಬೇಡಿ, ಅದು ಇದ್ದ ಗ್ರೀಸನ್ನು ತೊಳೆದು, ಒಣಗಿದ ಮೇಲೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಪಿನ್‌ಗೆ ಗುಂಡುಸೂಜಿ ತುದಿಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ, ವರ್ಷಕ್ಕೆರಡು ಸಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇಡಿ. ಒದ್ದೆಯಾಗಿ ಬಂದ ದಿನ ಪೆಟ್ಟಿಗೆ ತೆರೆದೇ ರಾತ್ರಿ ಬಿಡಿ, ಸ್ಪಂಜಿನಲ್ಲಿ ನಿಂತ ನೀರೇ ಪಿನ್‌ಗಳಿಗೆ ತುಕ್ಕು ತರುವುದು.

ದೆಹಲಿಯ ಕರ್ಣಿ ಸಿಂಗ್ ರೇಂಜ್‌ಗೆ ಡಿಸೆಂಬರ್-ಜನವರಿಯಲ್ಲಿ ಹೋಗುವವರು ಇದನ್ನು ಗಮನಿಸಿ: ಬೆಂಗಳೂರಿನ ಹವೆಯಲ್ಲಿ ತೆಳ್ಳಗಿದ್ದ ಎಣ್ಣೆ ಅಲ್ಲಿನ ಬೆಳಗಿನ ಚಳಿಗೆ ಗಟ್ಟಿಯಾಗಿ ಟ್ರಿಗರ್ ನಿಧಾನವಾಗಿ ವಾಪಸ್ ಬರುತ್ತದೆ. ಹೊರಡುವ ವಾರ ಮೊದಲೇ ಹಳೆಯ ಎಣ್ಣೆಯನ್ನು ಹತ್ತಿಕಡ್ಡಿಯಿಂದ ಒರೆಸಿ ತೆಗೆಯಿರಿ, ಸೀಲ್‌ಗಳ ಹತ್ತಿರ ಹೋಗಬೇಡಿ. ಅಲ್ಲಿ ತಲುಪಿದ ಮೇಲೆ ಪಿಸ್ತೂಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ರೇಂಜ್‌ನ ಹವೆಗೆ ಅರ್ಧ ಗಂಟೆ ಬಿಟ್ಟು, ಆಮೇಲೆ 500 ಗ್ರಾಂ ಎತ್ತಿ ನೋಡಿ.